ಬೂದು ಗೊಂಬೆಗೆ ಎಟುಕದ ಶೆಲ್ಫು

ಅವಳಿಗೆ ಟೇಪಕ್ಕ ಎಂದು ಹೆಸರಿಟ್ಟದ್ದು ಸಂಜೆ ಕಾಲೇಜಿನ ಹುಡುಗರು. ವಿಡಿಯೋ ಗೇಮಿನ ಚಿತ್ರಕಲೆ ಮತ್ತು ವಿನ್ಯಾಸ ಕಲಿಸುವ ಆ ತರಗತಿಯಲ್ಲಿ ಮಿಕ್ಕವರ ಬ್ಯಾಗಿನೊಳಗೆ ಹೆಡ್‌ಫೋನು, ಚಾರ್ಜರು, ತಿಂದುಳಿದ ಬಿಸ್ಕತ್ತು ಸಿಕ್ಕರೆ, ಇವಳ ಬ್ಯಾಗಿನಲ್ಲಿ ಅಳತೆಯ ಟೇಪು ಸಿಗುತ್ತಿತ್ತು. ಕಂಪ್ಯೂಟರಿನಲ್ಲಿ ಒಂದು ಕುರ್ಚಿ ಮಾಡಿ ಎಂದರೆ ಸಾಕು, ಪಕ್ಕದ ಕುರ್ಚಿಯಲ್ಲಿ ಕೂತಿದ್ದವನನ್ನು ಎಬ್ಬಿಸಿ, ಕಾಲು ಎಷ್ಟು, ಬೆನ್ನು ಎಷ್ಟು ಎಂದು ಅಳೆದ ಮೇಲೇ ಮೌಸು ಮುಟ್ಟುವಳು. "ಅಕ್ಕಾ, ನನ್ನನ್ನೂ ಅಳೆದುಬಿಡಿ, ಶರ್ಟು ಹೊಲಿಸ್ಬೇಕು" ಎಂದು ಹುಡುಗರು ತಮಾಷೆ ಮಾಡಿದರೆ ಅವಳೂ ನಗುತ್ತಿದ್ದಳು. ನಕ್ಕ ಮೇಲೆ, ಇವರು ನಿಜಕ್ಕೂ ತಮಾಷೆಗೆ ಅಂದರೋ, ಬೇಜಾರಾಗಿ ಅಂದರೋ ಎಂದು ಮನೆ ಸೇರುವ ತನಕ ಯೋಚಿಸುತ್ತಿದ್ದಳು.

ಅಳೆಯುವುದು ಅವಳಿಗೆ ಹೊಟ್ಟೆಪಾಡಿನಿಂದ ಬಂದ ಚಾಳಿ. ಹಗಲು ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಗಿರಾಕಿಯ ಎದುರು ಕೂತು, ಅವರ ಎರಡು ಕಣ್ಣುಗುಡ್ಡೆಗಳ ನಡುವಿನ ಅಂತರ ಹಿಡಿಯಬೇಕು. ಕೂದಲೆಳೆಯಷ್ಟು ಆಚೀಚೆ ಆದರೂ ಮರುದಿನ ಅದೇ ಗಿರಾಕಿ ಹಣೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿರುತ್ತಾರೆ. ಅಳತೆ ತಪ್ಪಿದರೆ ಇನ್ನೊಬ್ಬರಿಗೆ ತಲೆನೋವು ಎಂಬುದನ್ನು ಅವಳು ಇಷ್ಟು ವರ್ಷದಲ್ಲಿ ಚೆನ್ನಾಗಿ ಕಲಿತಿದ್ದಳು. ಬಿಡುವಿದ್ದಾಗ ಲೆನ್ಸಿನ ಖಾಲಿ ಪೊಟ್ಟಣಗಳ ಹಿಂದೆ ಗಿರಾಕಿಗಳ ಮುಖ ಬರೆಯುವಳು. ಅದನ್ನು ನೋಡಿದ ಗಂಡನೇ ಈ ಸಂಜೆ ಕೋರ್ಸಿನ ಸುದ್ದಿ ತಂದಿದ್ದ.

ಅಂಗಡಿಯ ಯಜಮಾನರು ಒಳ್ಳೆಯವರು, ಆದರೆ ಮಾತಿನಲ್ಲಿ ಗಟ್ಟಿ. "ಈ ವರ್ಷ ಸಂಜೆ ಬೇಗ ಹೋಗಮ್ಮ, ನಾನು ಬೇಡ ಅನ್ನಲ್ಲ. ಮುಂದಿನ ವರ್ಷ ಮಾತ್ರ ನನ್ನ ಹತ್ರ ಬಂದು ಮತ್ತೆ ಇನ್ನೊಂದು ವರ್ಷ ಅಂತ ರಾಗ ಎಳೀಬೇಡ" ಎಂದುಬಿಟ್ಟಿದ್ದರು. ಅಂದರೆ ವರ್ಷದ ಕೊನೆಯ ಪರೀಕ್ಷೆಯಲ್ಲಿ ಪಾಸಾದರೆ ಆಯಿತು. ಫೇಲಾದವರು ಮತ್ತೆ ಮೊದಲಿಂದ ಕೂರಬಹುದು ಎಂಬ ನಿಯಮ ಹುಡುಗರಿಗೆ ಇತ್ತೇ ಹೊರತು ಇವಳ ಪಾಲಿಗೆ ಇರಲಿಲ್ಲ.

ಆ ಪರೀಕ್ಷೆಯೋ, ಬರೆಯುವಂಥದ್ದಲ್ಲ. ಮೂರು ಮೂರು ಜನ ಸೇರಿ ಒಂದು ಚಿಕ್ಕ ಆಟ ಮಾಡಬೇಕು. ಆಮೇಲೆ ಪ್ರತಿ ಗುಂಪೂ ಮನೆಯಿಂದ ಒಬ್ಬರನ್ನು ಕರೆತರಬೇಕು. ಅವರು ಜನ್ಮದಲ್ಲಿ ವಿಡಿಯೋ ಗೇಮು ಆಡಿರಬಾರದು. ಆ ಆಟದ ಬಗ್ಗೆ ಅವರಿಗೆ ಒಂದು ಅಕ್ಷರವೂ ಹೇಳಿರಬಾರದು. ಅವರು ಎಲ್ಲರೆದುರು ಕೂತು ಆಡುತ್ತಾರೆ. ಮಾಡಿದವರು ಹಿಂದೆ, ನೆಲಕ್ಕೆ ಅಂಟಿಸಿದ ಹಳದಿ ಪಟ್ಟಿಯ ಆಚೆ, ತುಟಿ ಪಿಟಿಕ್ಕೆನ್ನದೆ ನಿಂತಿರಬೇಕು. ಕೆಮ್ಮಿದರೂ ಫೇಲು, ತಲೆ ಆಡಿಸಿದರೂ ಫೇಲು. ಬಂದವರು ಯಾರ ಸಹಾಯವೂ ಇಲ್ಲದೆ ಅರ್ಧ ಗಂಟೆಯೊಳಗೆ ಆಟ ಮುಗಿಸಿದರೆ ಗುಂಪು ಪಾಸು.

"ನೀವು ಮಾಡಿದ ಆಟ ಅಂಗಡಿಗೆ ಹೋದ್ಮೇಲೆ ಕೊಂಡವರ ಬೆನ್ನ ಹಿಂದೆ ಹೋಗಿ ನಿಂತ್ಕೋತೀರಾ?" ಎಂದು ಮೇಷ್ಟ್ರು ಕೇಳುತ್ತಿದ್ದರು. "ಇಲ್ಲ ತಾನೆ? ಹಾಗಾದ್ರೆ ಈಗ್ಲೂ ಬಾಯಿ ಮುಚ್ಕೊಂಡು ನಿಂತ್ಕೊಳ್ಳಿ."

ಮೇಷ್ಟ್ರು ಹಿಂದೆ ಯಾವುದೋ ದೊಡ್ಡ ಕಂಪನಿಯಲ್ಲಿ ಬರೀ ಬಾಗಿಲುಗಳನ್ನೇ ಮಾಡಿಕೊಂಡಿದ್ದವರು. ಕೋಟೆ ಬಾಗಿಲು, ಜೈಲು ಬಾಗಿಲು, ಅಂತರಿಕ್ಷ ನೌಕೆಯ ಬಾಗಿಲು. ಬಾಗಿಲ ಆಚೆ ಏನಿದೆ ಎಂದು ಆ ಕಂಪನಿಯವರು ತನಗೆ ಯಾವತ್ತೂ ತೋರಿಸಲಿಲ್ಲ ಎಂಬ ಸಿಟ್ಟಿಗೆ ಕೆಲಸ ಬಿಟ್ಟು ಪಾಠಕ್ಕೆ ಬಂದೆ ಎನ್ನುತ್ತಿದ್ದರು. ಹುಡುಗರು ಅದನ್ನು ನಂಬಿರಲಿಲ್ಲ. ಟೇಪಕ್ಕ ನಂಬಿದ್ದಳು.

ಅವಳ ಗುಂಪಿನಲ್ಲಿ ಇನ್ನಿಬ್ಬರು. ಒಬ್ಬ ಗುಡುಗು, ಪಿಸುಮಾತು ಆಡಿದರೂ ಪಕ್ಕದ ಕೋಣೆಗೆ ಕೇಳಿಸುವ ಹುಡುಗ, ಗೊಂಬೆಯನ್ನು ನಡೆಸುವ ಪ್ರೋಗ್ರಾಮು ಅವನದು. ಇನ್ನೊಬ್ಬಳು ದೀಪದವಳು, ಬೆಳಕು, ನೆರಳು ಹಾಕುವುದು ಅವಳ ಪಾಲು. ಮಾತು ಕಡಿಮೆ, ಉಗುರು ಕಚ್ಚುವುದು ಹೆಚ್ಚು. ಮನೆ ಕಟ್ಟುವ ಕೆಲಸ ಟೇಪಕ್ಕನಿಗೆ ಬಂತು. ಆಟ ಸುಲಭದ್ದೇ: ಒಂದು ಮನೆಯೊಳಗೆ ಒಂದು ಗೊಂಬೆ ಸಿಕ್ಕಿಕೊಂಡಿದೆ, ಬೀಗದ ಕೈ ಹುಡುಕಿ ಹೊರಗೆ ಬರಬೇಕು. ಗೊಂಬೆ ಎಲ್ಲ ಗುಂಪಿಗೂ ಒಂದೇ. ಮೇಷ್ಟ್ರು ಕೊಟ್ಟದ್ದು. ಕಣ್ಣು ಮೂಗಿಲ್ಲದ, ಗಂಡೂ ಅಲ್ಲದ ಹೆಣ್ಣೂ ಅಲ್ಲದ ಬೂದು ಗೊಂಬೆ. ಆಡುವವರಿಗೆ ಅದರ ಬೆನ್ನು ಕಾಣುತ್ತಿರುತ್ತದೆ.

ಯಾವ ಮನೆ ಕಟ್ಟುವುದು ಎಂದು ಟೇಪಕ್ಕ ವಾರಗಟ್ಟಲೆ ಒದ್ದಾಡಿದಳು. ಕಲ್ಪನೆಯಿಂದ ಕಟ್ಟಿದರೆ ಎಲ್ಲಿ ತಪ್ಪಾಗುವುದೋ ಎಂಬ ಭಯ. ಕೊನೆಗೆ ಟೇಪು ಹಿಡಿದು ತನ್ನ ಮನೆಯನ್ನೇ ಅಳೆಯತೊಡಗಿದಳು.

"ಏನೇ ಇದು, ಮನೆ ಮಾರ್ತಿದ್ದೀಯಾ?" ಎಂದು ಅತ್ತೆ ಅಡುಗೆಮನೆಯಿಂದ ಕೂಗಿದರು.

"ಇಲ್ಲ ಅತ್ತೆ, ಕಾಲೇಜಿಗೆ."

"ಕಾಲೇಜಿಗೆ ನಮ್ಮ ಅಡುಗೆಮನೆ ಯಾಕಂತೆ? ಅಲ್ಲಿ ಅಡುಗೆ ಕಲಿಸ್ತಾರಾ? ಹಾಗಾದ್ರೂ ಕಲಿಸಿದ್ರೆ ಚೆನ್ನಾಗಿತ್ತು."

ಅತ್ತೆ ಗಿಡ್ಡ. ಗಂಡ, ಮಗ, ಕೊನೆಗೆ ಸೊಸೆಯೂ ಉದ್ದುದ್ದ ಸಿಕ್ಕಿ, ಇಡೀ ಆಯುಷ್ಯ ಕತ್ತೆತ್ತಿ ಮಾತಾಡುವುದೇ ಆಯಿತು ಎನ್ನುತ್ತಿದ್ದರು. ಅಡುಗೆಮನೆಯ ಶೆಲ್ಫನ್ನು ಹೊಡೆಸಿದ್ದು ತೀರಿಹೋದ ಮಾವ. ತಮ್ಮ ಕೈಗೆ ಸಲೀಸಾಗಿ ಸಿಗುವ ಎತ್ತರಕ್ಕೆ ಹೊಡೆಸಿದ್ದರು. ಸಕ್ಕರೆ, ಟೀಪುಡಿ ಎಲ್ಲ ಅಲ್ಲೇ. ಅತ್ತೆ ದಿನಕ್ಕೆ ಹತ್ತು ಸಲ ಮರದ ಸ್ಟೂಲನ್ನು ಕರಕರ ಎಳೆದು, ಹತ್ತಿ, ಡಬ್ಬಿ ತೆಗೆದು, ಇಳಿಯುವರು. ಮಳೆಗಾಲಕ್ಕೆ ಮುಂಚೆ ಒಂದು ದಿನ ಸ್ಟೂಲು ವಾಲಿ, ಅತ್ತೆ ಸಿಂಕು ಹಿಡಿದುಕೊಂಡು ಬದುಕಿದರು. ಅಂದಿನಿಂದ ಟೇಪಕ್ಕ ಕಟ್ಟುನಿಟ್ಟು ಮಾಡಿದಳು. ಸ್ಟೂಲು ಬಟ್ಟೆ ಒಗೆಯುವ ಜಾಗಕ್ಕೆ ಹೋಯಿತು. "ಏನು ಬೇಕಾದ್ರೂ ನನ್ನನ್ನ ಕರೀರಿ, ನಾನು ತೆಗೆದುಕೊಡ್ತೀನಿ. ಬಿದ್ದು ಸೊಂಟ ಮುರ್ಕೊಂಡ್ರೆ ಮಾಡೋರು ಯಾರು?" ಎಂದು ಜೋರಾಗಿಯೇ ಹೇಳಿದ್ದಳು. ಹೇಳಿದ ಮೇಲೆ, ಮಾಡೋರು ಯಾರು ಎಂದದ್ದು ತಪ್ಪಾಯಿತೇನೋ ಎಂದು ಎರಡು ದಿನ ಅತ್ತೆಯ ಮುಖ ನೋಡಿದಳು. ಅತ್ತೆ ಮಾತ್ರ ಸೊಸೆ ಅಂಗಡಿಗೆ ಹೋದ ಮೇಲೆ ಸಕ್ಕರೆ ಇಲ್ಲದ ಟೀ ಕುಡಿಯುವುದನ್ನು ಅಭ್ಯಾಸ ಮಾಡಿಕೊಂಡರು. ಅದು ಟೇಪಕ್ಕನಿಗೆ ಗೊತ್ತಿರಲಿಲ್ಲ.

ಮನೆ ಕಂಪ್ಯೂಟರಿನೊಳಗೆ ಎದ್ದಿತು. ಬಾಗಿಲು, ಸಿಂಕು, ಸ್ಟೂಲು, ಶೆಲ್ಫು, ಎಲ್ಲವೂ ಇದ್ದದ್ದು ಇದ್ದಂತೆ. ಗುಡುಗು ಬೂದು ಗೊಂಬೆಯನ್ನು ಒಳಗೆ ಬಿಟ್ಟ. ಗೊಂಬೆ ಅಡುಗೆಮನೆಯ ಬಾಗಿಲಲ್ಲೇ ಭುಜ ಸಿಕ್ಕಿಕೊಂಡು ಒದ್ದಾಡಿತು. ಒಳಗೆ ತಳ್ಳಿದರೆ, ತೆರೆಯ ತುಂಬ ಗೊಂಬೆಯ ಬೋಳು ತಲೆಯೊಂದೇ ಕಂಡಿತು.

"ಇದು ಮನೆಯಾ ಅಕ್ಕಾ, ಬೆಂಕಿಪೆಟ್ಟಿಗೆಯಾ?" ಎಂದ ಗುಡುಗು. ಇಡೀ ಲ್ಯಾಬು ತಿರುಗಿ ನೋಡಿತು.

"ಅಳತೆ ಸರಿ ಇದೆ ಕಣೋ. ಬೇಕಾದ್ರೆ ಮನೆಗೆ ಬಂದು ನೋಡು."

ಮೇಷ್ಟ್ರು ಬಂದು ನೋಡಿದರು. "ಅಳತೆ ಸರಿ ಇದೆ, ಅದೇ ತಪ್ಪು" ಎಂದರು. "ಗೊಂಬೆಯ ಹಿಂದೆ ಒಂದು ಕ್ಯಾಮೆರಾ ನೇತಾಡ್ಕೊಂಡು ಬರ್ತಿರುತ್ತಮ್ಮ. ಅದಕ್ಕೂ ಜಾಗ ಬೇಡ್ವಾ? ನಿಮ್ಮ ಮನೇಲಿ ನಿಮ್ಮ ಬೆನ್ನ ಹಿಂದೆ ಯಾರೂ ಕ್ಯಾಮೆರಾ ಹಿಡ್ಕೊಂಡು ಓಡಾಡಲ್ಲ. ಆಟದ ಮನೆ ನಿಜವಾದ ಮನೆಗಿಂತ ದೊಡ್ಡದಿದ್ರೇ ನಿಜ ಅನ್ನಿಸೋದು. ಮನೆ ದೊಡ್ಡದು ಮಾಡಿ."

ಮನೆ ದೊಡ್ಡದು ಮಾಡಿ ಎಂದರೆ ಗೋಡೆ, ಬಾಗಿಲು, ಚಾವಣಿ. ಮೇಜು, ಕುರ್ಚಿ, ಶೆಲ್ಫು ಇದ್ದ ಹಾಗೇ ಇರಬೇಕು, ಯಾಕೆಂದರೆ ಗೊಂಬೆ ಇದ್ದಷ್ಟೇ ಇದೆ. ಇದನ್ನು ಬಿಡಿಸಿ ಹೇಳಬೇಕು ಎಂದು ಮೇಷ್ಟ್ರಿಗೆ ಅನ್ನಿಸಲಿಲ್ಲ, ಕೇಳಬೇಕು ಎಂದು ಇವಳಿಗೆ ಧೈರ್ಯ ಬರಲಿಲ್ಲ. ಒಂದು ವಸ್ತುವೂ ಬಿಟ್ಟುಹೋಗಬಾರದು ಎಂಬ ಆತಂಕದಲ್ಲಿ ಅವಳು ಇಡೀ ಮನೆಯನ್ನು, ಒಳಗಿನ ಚಮಚೆಯ ತನಕ, ಒಟ್ಟಿಗೆ ಹಿಡಿದು ಒಂದೇ ಏಟಿಗೆ ಹಿಗ್ಗಿಸಿದಳು. ಮೇಲಿನಿಂದ ನೋಡಿದಾಗ ಎಲ್ಲವೂ ಒಂದಕ್ಕೊಂದು ಹೊಂದಿಕೊಂಡೇ ಇತ್ತು. ಆ ವರ್ಷದಲ್ಲಿ ಮೊದಲ ಸಲ ಅವಳಿಗೆ, ಪರವಾಗಿಲ್ಲ, ನನಗೂ ಬರುತ್ತದೆ ಎನ್ನಿಸಿತು.

ಆ ಮನೆಗೆ ದೀಪದವಳು ಬೆಳಕು ಹಾಕಿದಳು. ಕಿಟಕಿಯಿಂದ ಬಂದ ಬಿಸಿಲಿನ ಒಂದು ಎಳೆ ನೇರ ಹೋಗಿ ಶೆಲ್ಫಿನ ತಗಡಿನ ಡಬ್ಬಿಯ ಮೇಲೆ ಬೀಳುವಂತೆ ಮಾಡಿದಳು. ಬೀಗದ ಕೈ ಆ ಡಬ್ಬಿಯೊಳಗೆ. ಬಾಯಲ್ಲಿ ಹೇಳುವ ಹಾಗಿಲ್ಲ, ಬೆಳಕಿನಲ್ಲಿ ಹೇಳಬಹುದು ಎನ್ನುವುದು ಅವಳ ಲೆಕ್ಕ. ಬೆಳಕು, ನೆರಳನ್ನು ಕಂಪ್ಯೂಟರು ಲೆಕ್ಕ ಹಾಕಿ ಗೋಡೆ ನೆಲಗಳಿಗೆ ಕಾಯಂ ಅಂಟಿಸಲು ಒಂದು ಇಡೀ ದಿನ ಹಿಡಿಯುತ್ತಿತ್ತು. ಆಮೇಲೆ ಮೇಜು ಸರಿಸಿದರೆ, ಮೇಜು ಮಾತ್ರ ಹೋಗಿ ನೆರಳು ಅಲ್ಲೇ ಉಳಿಯುತ್ತದೆ. ಗುಡುಗು ತನ್ನ ಲ್ಯಾಪ್‌ಟಾಪು ಬೇಗ ಓಡಲಿ ಎಂದು ಸಾಮಾನನ್ನೆಲ್ಲ ಮರೆಮಾಡಿ, ಬರೀ ಗೋಡೆಗಳ ನಡುವೆ ಗೊಂಬೆಯನ್ನು ಓಡಾಡಿಸಿ, "ಸೂಪರ್ ಅಕ್ಕಾ, ಈಗ ಅರಮನೆ" ಎಂದ. ಆಟವನ್ನು ಒಪ್ಪಿಸಿಬಿಟ್ಟರು. ಒಪ್ಪಿಸಿದ ಮೇಲೆ ಮುಟ್ಟುವ ಹಾಗಿಲ್ಲ.

ಪರೀಕ್ಷೆಯ ದಿನ ಟೇಪಕ್ಕ ಅತ್ತೆಯನ್ನು ಕರೆದುಕೊಂಡು ಹೋದಳು. ಬಸ್ಸಿನಲ್ಲಿ ಅತ್ತೆ ಕೇಳಿದರು, "ನಾನು ಸೋತ್ರೆ ನಿನ್ನನ್ನ ಫೇಲ್ ಮಾಡ್ತಾರಂತೆ? ನನ್ನ ಮಗ ಹೇಳ್ದ."

"ಹೂಂ ಅತ್ತೆ."

"ಒಳ್ಳೆ ಕಾಲೇಜು ಕಣೇ. ಓದೋಳು ನೀನು, ಪರೀಕ್ಷೆ ನನಗೆ."

ಆಡಲು ಬಂದವರನ್ನೆಲ್ಲ ಮೂಲೆಯ ಕೋಣೆಯಲ್ಲಿ ಕೂರಿಸಿ ಟೀ ಕೊಟ್ಟಿದ್ದರು. ಯಾರದೋ ಅಜ್ಜ, ಯಾರದೋ ತಾಯಿ, ಒಬ್ಬ ಕ್ಷೌರಿಕ, ನಡುವೆ ಅತ್ತೆ. ಕಾರಿಡಾರಿನಲ್ಲಿ ಗುಡುಗು ಸುಮ್ಮನಿರಲಾರದೆ ಲ್ಯಾಪ್‌ಟಾಪು ತೆರೆದು, ಒಪ್ಪಿಸಿದ್ದ ಆಟವನ್ನೇ ಒಂದು ಸಲ, ಈ ಸಲ ಸಾಮಾನುಗಳ ಸಮೇತ, ಓಡಿಸಿ ನೋಡಿದ. ನೋಡಿದವನ ಬಾಯಿ ಕಟ್ಟಿತು. ಅವನ ಬಾಯಿ ಕಟ್ಟಿದ್ದನ್ನು ಮೊದಲ ಸಲ ಕಂಡ ಇಬ್ಬರೂ ಬಗ್ಗಿ ನೋಡಿದರು.

ಅಡುಗೆಮನೆಯಲ್ಲಿ ಬೂದು ಗೊಂಬೆ ನಿಂತಿತ್ತು. ಮೇಜು ಅದರ ಎದೆಗೆ ಬರುತ್ತಿತ್ತು. ಬಾಗಿಲ ಹಿಡಿ ಕಿವಿಯ ಹತ್ತಿರ. ಶೆಲ್ಫಿನ ಕೆಳಗೆ ಹೋಗಿ ಗೊಂಬೆ ಕೈ ಎತ್ತಿತು. ಡಬ್ಬಿ ಇನ್ನೂ ಎರಡು ಗೇಣು ಮೇಲಿತ್ತು.

ಟೇಪಕ್ಕ ತೆರೆಯತ್ತ ಇನ್ನಷ್ಟು ಬಗ್ಗಿದಳು. "ಎಲ್ಲ ದೊಡ್ಡದಾಗಿದೆ" ಎಂದಳು. "ನಾನು ಎಲ್ಲಾನೂ ದೊಡ್ಡದು ಮಾಡಿಬಿಟ್ಟೆ."

"ಎಲ್ಲಾನೂ ಅಂದ್ರೆ? ಶೆಲ್ಫನ್ನೂ?"

"ಮನೆ ದೊಡ್ಡದು ಮಾಡಿ ಅಂದ್ರಲ್ಲೋ ಮೇಷ್ಟ್ರು."

ಗುಡುಗು ಹಣೆ ಹಣೆ ಚಚ್ಚಿಕೊಂಡ. ದೀಪದವಳು ಉಗುರು ಬಿಟ್ಟು ಬೆರಳನ್ನೇ ಕಚ್ಚಿದಳು. ಸ್ವಲ್ಪ ಹೊತ್ತಾದ ಮೇಲೆ ಗುಡುಗು ಮೆಲ್ಲಗೆ, ಅಂದರೆ ಇತರರ ಮಾಮೂಲಿ ದನಿಯಲ್ಲಿ, "ಸ್ಟೂಲು" ಎಂದ. ಹಿಂದೊಮ್ಮೆ ಬೇಜಾರಿಗೆ, ಗೊಂಬೆ ಸ್ಟೂಲನ್ನು ತಳ್ಳಿಕೊಂಡು ಆಡುವ ಹಾಗೆ, ಅದರ ಮೇಲೆ ಹತ್ತಿ ಕುಣಿಯುವ ಹಾಗೆ ಪ್ರೋಗ್ರಾಮು ಬರೆದಿದ್ದ. ತೆಗೆಯಲು ಮರೆತಿದ್ದ. ಒತ್ತಿ ನೋಡಿದ. ಗೊಂಬೆ ಸ್ಟೂಲು ತಳ್ಳಿತು, ಹತ್ತಿತು, ಕೈ ಎತ್ತಿತು, ಡಬ್ಬಿ ಹಿಡಿಯಿತು.

"ಬದುಕಿದ್ವಿ! ಅಕ್ಕಾ, ಓಡಿ. ನಿಮ್ಮತ್ತೆ ಕಿವೀಲಿ ಒಂದೇ ಮಾತು. ಸ್ಟೂಲು. ಅಷ್ಟೇ."

"ಹೇಳ್ಬಾರದಲ್ಲ."

"ಹೇಳ್ದೆ ಇದ್ರೆ ಅವರಿಗೆ ಕನಸು ಬೀಳುತ್ತಾ? ಇಡೀ ವರ್ಷ ಅಕ್ಕಾ! ನಿಮ್ಮದೊಂದೇ ಅಲ್ಲ, ನಮ್ಮಿಬ್ಬರದ್ದೂ."

ಅದು ನಿಜವಾಗಿತ್ತು. ತಪ್ಪು ಮಾಡಿದ್ದು ಇವಳು, ಹೋಗುವುದು ಮೂವರ ವರ್ಷ. ಟೇಪಕ್ಕ ಮೂಲೆಯ ಕೋಣೆಯ ತನಕ ಹೋದಳು. ಅತ್ತೆ ಕ್ಷೌರಿಕನಿಗೆ ಮಗನ ಕೂದಲು ಉದುರುವ ಕಥೆ ಹೇಳುತ್ತಿದ್ದವರು ಇವಳನ್ನು ಕಂಡು ಎದ್ದು ಬಂದರು.

"ಏನೇ, ಮುಖ ಹೀಗಾಗಿದೆ? ಏನಾದ್ರೂ ಹೇಳೋದಿತ್ತಾ?"

ಒಂದೇ ಮಾತು. ನಾಲಿಗೆಯ ತುದಿಯಲ್ಲಿತ್ತು. ಬಾಗಿಲ ಹೊರಗೆ ಯಾರೂ ಇರಲಿಲ್ಲ. ಕ್ಷೌರಿಕ ಟೀ ಊದುತ್ತಿದ್ದ. ಹೇಳಿದರೆ ಮೇಷ್ಟ್ರಿಗೆ ಗೊತ್ತಾಗುವುದಿಲ್ಲ. ಆದರೆ ಆಮೇಲೆ ಸರ್ಟಿಫಿಕೇಟು ನೋಡಿದಾಗೆಲ್ಲ ಇದು ನನ್ನದಾ, ಸ್ಟೂಲಿನದಾ ಎಂದು ತಾನೇ ತನ್ನನ್ನು ಕೊರೆಯುವುದು ಖಂಡಿತ. ಹೇಳದಿದ್ದರೆ, ನನ್ನ ಪ್ರಾಮಾಣಿಕತೆಗೆ ಎರಡು ಮಕ್ಕಳ ವರ್ಷ ಬಲಿ ಕೊಟ್ಟೆನಲ್ಲ ಎಂದು ಕೊರೆಯುವುದೂ ಖಂಡಿತ.

"ಬಾತ್‌ರೂಮಿಗೆ ಹೋಗಿಬರ್ತೀರಾ ಅಂತ ಕೇಳೋಕೆ ಬಂದೆ" ಎಂದಳು.

"ನಾನೇನು ಕೂಸಾ?" ಎಂದರು ಅತ್ತೆ.

ವಾಪಸು ಬಂದಾಗ ಗುಡುಗು ಹುಬ್ಬು ಹಾರಿಸಿದ. ಅವಳು ಇಲ್ಲ ಎಂದು ತಲೆ ಅಲ್ಲಾಡಿಸಿದಳು. ಅವನು ಅವಳತ್ತ ಬೆನ್ನು ತಿರುಗಿಸಿ ನಿಂತ. ನಾನು ಹೇಳದೆ ಬಂದದ್ದು ಒಳ್ಳೆಯತನವೋ, ಬರೀ ಹೆದರಿಕೆಯೋ ಎಂದು ಅವಳಿಗೇ ತಿಳಿಯಲಿಲ್ಲ.

ಇವರ ಸರದಿ ಬಂತು. ಅತ್ತೆ ಕುರ್ಚಿಯಲ್ಲಿ ಕೂತರು, ಕಾಲು ನೆಲಕ್ಕೆ ತಾಗಲಿಲ್ಲ. ಮೇಷ್ಟ್ರು ಗೊಂಬೆ ಆಡಿಸುವ ರಿಮೋಟನ್ನು ಕೈಗೆ ಕೊಟ್ಟು, ಎಲ್ಲರಿಗೂ ಹೇಳಿದ್ದನ್ನೇ ಅವರಿಗೂ ಹೇಳಿದರು: ಈ ಎಡಗಡೆಯ ಪುಟ್ಟ ಹಿಡಿ ತಿರುಗಿಸಿದರೆ ಗೊಂಬೆ ನಡೆಯುತ್ತದೆ, ಬಲಗಡೆಯದು ತಿರುಗಿಸಿದರೆ ಸುತ್ತ ಕಾಣುತ್ತದೆ, ಯಾವುದರ ಹತ್ತಿರವಾದರೂ ನಿಂತು ಈ ಹಸಿರು ಗುಂಡಿ ಒತ್ತಿದರೆ ಗೊಂಬೆ ಅದನ್ನು ಮುಟ್ಟುತ್ತದೆ, ತೆಗೆಯುತ್ತದೆ, ಎಳೆಯುತ್ತದೆ. ಮನೆಯಿಂದ ಹೊರಗೆ ಬರಬೇಕು, ಅಷ್ಟೇ. ಮೂವರೂ ಹಳದಿ ಪಟ್ಟಿಯ ಹಿಂದೆ ನಿಂತರು.

ಅತ್ತೆ ಮೊದಲು ಗೊಂಬೆಯನ್ನು ಗೋಡೆಗೆ ಗುದ್ದಿಸಿದರು. "ಅಯ್ಯೋ, ಪಾಪ." ಇನ್ನೊಂದು ಗೋಡೆಗೆ ಗುದ್ದಿಸಿದರು. ಹುಡುಗರು ನಕ್ಕರು. ನಿಧಾನವಾಗಿ ಕೈ ಪಳಗಿತು. ಗೊಂಬೆ ನಡುಮನೆ ದಾಟಿ, ಬಾಗಿಲು ದಾಟಿ, ಅಡುಗೆಮನೆಗೆ ಬಂತು. ಅತ್ತೆ ಗೊಂಬೆಯನ್ನು ನಿಲ್ಲಿಸಿ ಸುತ್ತ ತಿರುಗಿಸಿ ನೋಡಿದರು.

"ಏ, ಇದು ನಮ್ಮ ಅಡುಗೆಮನೆ ಅಲ್ವೇನೇ?" ಎಂದು ಹಿಂದೆ ತಿರುಗಿದರು.

ಟೇಪಕ್ಕ ಗೋಡೆಯ ಗಡಿಯಾರ ನೋಡಿದಳು.

"ಇವಳು ಮಾತಾಡ್ಬಾರದಲ್ಲ, ಮರೆತೆ. ಸಾರ್, ನೋಡಿ, ಇದು ನಮ್ಮನೆ. ಸಿಂಕು ಕೂಡ ಅದೇ ಜಾಗದಲ್ಲಿದೆ. ಈ ಗಿಡ್ಡಿ ಯಾರು, ನಾನಾ?"

ಕೋಣೆಯಲ್ಲಿ ಮತ್ತೆ ನಗು. ಟೇಪಕ್ಕ ನಗಲಿಲ್ಲ. ಈಗ ಅವಳು ತೆರೆಯನ್ನು ಸರಿಯಾಗಿ ನೋಡುತ್ತಿದ್ದಳು. ಬೂದು ಗೊಂಬೆಯ ಬೆನ್ನು, ಎದೆಮಟ್ಟದ ಮೇಜು, ಎಲ್ಲೋ ಮೇಲಿರುವ ಶೆಲ್ಫು. ಆ ಬೆನ್ನನ್ನು ಅವಳು ದಿನಾ ಬೆಳಿಗ್ಗೆ ಅಂಗಡಿಗೆ ಹೊರಡುವ ಅವಸರದಲ್ಲಿ ನೋಡಿದ್ದಳು. ನೆಲದಿಂದ ಶೆಲ್ಫಿಗೆ ಎಷ್ಟು ಎಂದು ಎರಡೆರಡು ಸಲ ಅಳೆದಿದ್ದಳು. ಅತ್ತೆಯ ಕೈಯಿಂದ ಶೆಲ್ಫಿಗೆ ಎಷ್ಟು ಎಂದು ಅಳೆಯಬೇಕು ಎನ್ನುವುದು ತಲೆಗೆ ಬಂದಿರಲಿಲ್ಲ.

ಅತ್ತೆ ತಮ್ಮ ಮನೆ ಎಂಬ ಸಲಿಗೆಯಿಂದ ನೇರ ಮುಂಬಾಗಿಲಿಗೆ ಹೋಗಿ, ಪಕ್ಕದ ಗೋಡೆ ನೋಡಿದರು. ಮನೆಯಲ್ಲಿ ಬೀಗದ ಕೈ ನೇತುಹಾಕುವ ಮೊಳೆ ಅಲ್ಲಿತ್ತು. ಮೊಳೆ ಇತ್ತು, ಬೀಗದ ಕೈ ಇರಲಿಲ್ಲ. "ಎಲ್ಲಿ ಬಿಸಾಕಿದ್ದಾನೆ ಇವನು" ಎಂದು ಮಗನಿಗೆ ಬೈದು, ಮಲಗುವ ಕೋಣೆ ಹುಡುಕಿ, ಮಂಚದ ಕೆಳಗೆ ಹುಡುಕಿ, ಮತ್ತೆ ಅಡುಗೆಮನೆಗೆ ಬಂದರು. ಕಿಟಕಿಯ ಬಿಸಿಲು ಡಬ್ಬಿಯ ಮೇಲೆ ಬಿದ್ದಿತ್ತು.

"ಅಲ್ಲೇನೋ ಫಳಫಳ ಅಂತಿದೆ." ದೀಪದವಳು ಟೇಪಕ್ಕನ ಕೈ ಹಿಡಿದುಕೊಂಡಳು. ಗೊಂಬೆ ಶೆಲ್ಫಿನ ಕೆಳಗೆ ಹೋಗಿ ಕೈ ಎತ್ತಿತು. ಎಟುಕಲಿಲ್ಲ. ಇನ್ನೊಮ್ಮೆ ಎತ್ತಿತು.

"ಗೊತ್ತಿತ್ತು" ಎಂದರು ಅತ್ತೆ. ಗೊಂಬೆಯನ್ನು ಹಿಂದೆ ತಿರುಗಿಸಿದರು. ಮೂಲೆಯಲ್ಲಿ ಸ್ಟೂಲು ಕಂಡಿತು. ಟೇಪಕ್ಕ ಆಟದ ಮನೆ ಕಟ್ಟುವಾಗ ಅದನ್ನು ಮೊದಲಿದ್ದ ಜಾಗದಲ್ಲೇ ಇಟ್ಟಿದ್ದಳು. ಗೊಂಬೆ ಸ್ಟೂಲಿನ ಹತ್ತಿರ ಹೋಗಿ ನಿಂತಿತು. ಅತ್ತೆಯ ಹೆಬ್ಬೆರಳು ಹಸಿರು ಗುಂಡಿಯ ಮೇಲೆ ಹೋಯಿತು. ಗುಡುಗು ಉಸಿರು ಬಿಗಿಹಿಡಿದದ್ದು ಸುತ್ತಲಿನವರಿಗೆಲ್ಲ ಕೇಳಿಸಿತು.

ಆಗ ಅತ್ತೆ ಕುರ್ಚಿಯಲ್ಲೇ ತಿರುಗಿ ಸೊಸೆಯ ಮುಖ ನೋಡಿದರು.

"ಹತ್ಲಾ? ಬೈತೀಯಾ?"

ಇಡೀ ಕೋಣೆ ಟೇಪಕ್ಕನ ಕಡೆ ನೋಡಿತು. ಮೇಷ್ಟ್ರೂ ನೋಡಿದರು. ಕಣ್ಣಲ್ಲಿ ಹೂಂ ಎಂದರೂ ಸಾಕಿತ್ತು. ತುಟಿಯ ಕೊನೆ ಒಂದಿಷ್ಟು ಅಲುಗಿದರೂ ಅತ್ತೆ ಹಿಡಿದುಬಿಡುತ್ತಿದ್ದರು. ಇಷ್ಟು ವರ್ಷ ಒಂದೇ ಒಲೆಯ ಹತ್ತಿರ ನಿಂತವರು. ಟೇಪಕ್ಕ ಮುಖವನ್ನು ಕಲ್ಲು ಮಾಡಿಕೊಂಡಳು. ಕಲ್ಲು ಮಾಡಿಕೊಂಡಾಗ ಆ ಮುಖ ಹೇಗೆ ಕಾಣುತ್ತದೆ ಎಂದು ಹೊಳೆಯುವಷ್ಟರಲ್ಲಿ ಹೊತ್ತು ಮೀರಿತ್ತು. ಸ್ಟೂಲನ್ನು ಹೊರಗೆ ಒಯ್ದ ದಿನದ ಮುಖವೇ ಅದು.

"ಬೇಡ ಬೇಡ" ಎಂದು ಅತ್ತೆ ಹೆಬ್ಬೆರಳು ತೆಗೆದರು. "ಇವಳಿಗೆ ಆಗಲ್ಲ ಸಾರ್. ಬೀಳ್ತೀನಿ ಅಂತ ಭಯ. ಬೇರೆ ದಾರಿ ಇರುತ್ತೆ ಬಿಡಿ."

ಬೇರೆ ದಾರಿ ಇರಲಿಲ್ಲ. ಗೊಂಬೆ ಹೊರಟಿತು. ಬಟ್ಟೆ ಒಗೆಯುವ ಜಾಗ ನೋಡಿತು, ಬಕೆಟ್ಟಿನೊಳಗೆ ನೋಡಿತು, ಬೀಗ ಹಾಕಿದ ಮುಂಬಾಗಿಲನ್ನು ಅಲುಗಾಡಿಸಿತು. ಕಿಟಕಿ ಹಾರಬಹುದೇ ಎಂದು ಅತ್ತೆ ಮೇಷ್ಟ್ರನ್ನು ಕೇಳಿದರು. ಮೇಷ್ಟ್ರು, ನಾನು ಹೇಳುವ ಹಾಗಿಲ್ಲ ಎಂಬಂತೆ ಅಂಗೈ ಮೇಲೆ ಮಾಡಿ ತೋರಿಸಿದರು. ಗಡಿಯಾರದ ಮುಳ್ಳು ಇಳಿಯುತ್ತಿತ್ತು. ಗುಡುಗು ಹಲ್ಲು ಕಚ್ಚಿ ನೆಲ ನೋಡುತ್ತಿದ್ದ. ಟೇಪಕ್ಕನಿಗೆ ಯಜಮಾನರ ಮಾತು, ಕೌಂಟರು, ಮುಂದಿನ ವರ್ಷದ ಸಂಜೆಗಳು ಒಂದರ ಹಿಂದೊಂದು ಕಣ್ಣ ಮುಂದೆ ಬಂದವು. ಅದಕ್ಕಿಂತ ಹೆಚ್ಚಾಗಿ ಕಾಡಿದ್ದು, ಅತ್ತೆಗೆ ತಾನು ಇಷ್ಟು ಭಯ ಹಾಕಿದ್ದೇನೆಯೇ ಎನ್ನುವುದು. ಇಲ್ಲಿ, ಸುಳ್ಳು ಮನೆಯಲ್ಲಿ, ಸುಳ್ಳು ಸ್ಟೂಲು ಮುಟ್ಟಲಿಕ್ಕೂ ಅವರು ತನ್ನ ಮುಖ ನೋಡಿದರಲ್ಲ.

ಗೊಂಬೆ ಮತ್ತೆ ಶೆಲ್ಫಿನ ಕೆಳಗೆ ಬಂದು ನಿಂತಿತು. ಅತ್ತೆ ಡಬ್ಬಿಯನ್ನು ನೋಡಿದರು. ಗೊಂಬೆಯನ್ನು ನೋಡಿದರು.

"ಸಕ್ಕರೆ ಇಲ್ಲದೆ ಟೀ ಕುಡಿದಿದ್ದು ಸಾಕು" ಎಂದರು. ಯಾರಿಗೂ ಅರ್ಥವಾಗಲಿಲ್ಲ, ಒಬ್ಬಳನ್ನು ಬಿಟ್ಟು. "ಬೀಳೋದು ಇವನೋ ಇವಳೋ ತಾನೆ, ನಾನಲ್ವಲ್ಲ. ಬೈಯೋದಿದ್ರೆ ಮನೆಗೆ ಹೋದ್ಮೇಲೆ ಬೈಲಿ."

ಈ ಸಲ ತಿರುಗಿ ನೋಡಲಿಲ್ಲ. ಹಸಿರು ಗುಂಡಿ ಒತ್ತಿದರು. ಸ್ಟೂಲು ಜರುಗಿತು. ಎಡಕ್ಕೆ ಹೋಯಿತು, ಸಿಂಕಿಗೆ ಬಡಿಯಿತು, ಮತ್ತೆ ಬಲಕ್ಕೆ ಬಂತು. ಸ್ಟೂಲು ಎಳೆಯುವುದರಲ್ಲಿ ಅತ್ತೆಗೆ ಅನುಭವವಿತ್ತು. ಶೆಲ್ಫಿಗೆ ನೇರ ಅಲ್ಲ, ಒಂದಿಷ್ಟು ಪಕ್ಕಕ್ಕೆ ನಿಲ್ಲಿಸಿದರು. ಗೊಂಬೆ ಹತ್ತಿತು. ಕೈ ಎತ್ತಿತು. ಡಬ್ಬಿ ಬಂತು, ಬೀಗದ ಕೈ ಬಂತು. ಮುಂಬಾಗಿಲು ತೆರೆದಾಗ ಗಡಿಯಾರದಲ್ಲಿ ಇನ್ನೂ ಸ್ವಲ್ಪ ಸಮಯ ಉಳಿದಿತ್ತು. ಗುಡುಗಿನ ಕೂಗಿಗೆ ಕೆಳಗಿನ ಮಹಡಿಯ ಕಾವಲುಗಾರ ಮೆಟ್ಟಿಲು ಹತ್ತಿ ಬಂದ.

ಮೇಷ್ಟ್ರು ಕೂಗಾಟ ನಿಲ್ಲುವ ತನಕ ಕಾದು, "ಸ್ಟೂಲಿನ ದಾರಿ ನೀವು ಯೋಚಿಸಿ ಮಾಡಿದ್ದಾ?" ಎಂದು ಕೇಳಿದರು.

ಗುಡುಗು ಹೌದು ಎನ್ನಲು ಬಾಯಿ ತೆರೆದಿದ್ದ. ಟೇಪಕ್ಕ, "ಇಲ್ಲ ಸಾರ್. ನಾನು ಗೋಡೆ ಜೊತೆ ಸಾಮಾನನ್ನೂ ಹಿಗ್ಗಿಸಿಬಿಟ್ಟೆ. ಕೈಗೆ ಎಟುಕದ ಹಾಗಾಯ್ತು. ಸ್ಟೂಲು ಇತ್ತು, ಅದೃಷ್ಟ" ಎಂದಳು.

"ನೋಡಿದೆ" ಎಂದರು ಮೇಷ್ಟ್ರು. "ಹೊರಗೆ ಬಂದ್ರು, ಯಾರೂ ಸಹಾಯ ಮಾಡಲಿಲ್ಲ. ಹಾಗಾಗಿ ಪಾಸು. ಆದ್ರೆ ಮಾರ್ಕ್ಸು ಪಾಸಿನ ಅಂಚಿಗೆ ತಂದಿಡ್ತೀನಿ. ಮುಂದಿನ ಸಲ ಅರ್ಥ ಆಗ್ದೆ ಇದ್ರೆ ಕೇಳಿ. ನಾನೇನು ನಿಮ್ಮನ್ನ ನುಂಗಲ್ಲ."

"ಅದೇ ಹೇಳಿ ಸಾರ್ ಇವಳಿಗೆ" ಎಂದರು ಅತ್ತೆ.

ಗುಡುಗು, ಮಾರ್ಕ್ಸು ಹೋಯಿತಲ್ಲ ಎಂದು ಒಂದು ವಾರ ಅವಳ ಹತ್ತಿರ ಮಾತು ಬಿಟ್ಟ. ಅಷ್ಟು ದಿನ ಲ್ಯಾಬು ನೆಮ್ಮದಿಯಿಂದಿತ್ತು. ಮಾತು ಬಿಟ್ಟವನೇ ಕೊನೆಗೆ ಬಂದು, "ಸಾಮಾನು ಚಿಕ್ಕದು ಮಾಡೋಣ ಬನ್ನಿ ಅಕ್ಕಾ, ನೋಡೋಕಾಗಲ್ಲ ಅದು" ಎಂದ.

ಪರೀಕ್ಷೆ ಮುಗಿದ ಸಂಜೆ ಅತ್ತೆ ಸೊಸೆ ಬಸ್ಸಿನಲ್ಲಿ ಮನೆಗೆ ಹೊರಟರು. ಇಳಿಯುವ ಜಾಗ ಬಂದಾಗ ಟೇಪಕ್ಕ, "ಎಷ್ಟು ದಿನದಿಂದ ಸಕ್ಕರೆ ಇಲ್ಲದೆ ಕುಡೀತಿದ್ದೀರಿ?" ಎಂದು ಕೇಳಿದಳು.

"ನೀನು ಅಂಗಡಿಗೆ ಹೋದ್ಮೇಲೆ ಡಬ್ಬಿ ತೆಗೆದುಕೊಡೋಕೆ ಯಾರಿದ್ದಾರೆ? ಬಿಡು, ಶುಗರ್ರಿಗೆ ಒಳ್ಳೇದು."

"ನಿಮಗೆ ಶುಗರ್ ಇಲ್ಲ ಅತ್ತೆ."

"ಇಲ್ಲ ನೋಡು. ಅದಕ್ಕೇ ಹೇಳಿದ್ದು."

ಆ ಭಾನುವಾರ ಗಂಡ ಪಕ್ಕದ ಮನೆಯವರಿಂದ ಡ್ರಿಲ್ಲು ಕೇಳಿ ತಂದ. ಟೇಪಕ್ಕ ಅತ್ತೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಕೈ ಎತ್ತಿಸಿ, ಬೆರಳ ತುದಿಯಲ್ಲಿ ಪೆನ್ಸಿಲಿನ ಗುರುತು ಹಾಕಿದಳು. ಆಮೇಲೆ ಅನುಮಾನ ಬಂದು, "ಕಷ್ಟಪಟ್ಟು ಎತ್ತಬೇಡಿ, ಸುಮ್ನೆ ಎತ್ತಿ" ಎಂದು ಇನ್ನೊಮ್ಮೆ ಎತ್ತಿಸಿ, ಗುರುತನ್ನು ಇನ್ನಷ್ಟು ಕೆಳಗೆ ಹಾಕಿದಳು.

"ದರ್ಜಿ ಹತ್ರ ಬಂದ ಹಾಗಾಯ್ತು" ಎಂದರು ಅತ್ತೆ.

ಶೆಲ್ಫು ಕೆಳಗೆ ಬಂತು. ಮೊದಲ ದಿನವೇ ಗಂಡ ಸಿಂಕಿನಿಂದ ತಲೆ ಎತ್ತುವಾಗ ಹಣೆಗೆ ಬಡಿಸಿಕೊಂಡ. ಎರಡನೇ ದಿನ ಟೇಪಕ್ಕ ಬಡಿಸಿಕೊಂಡಳು. ಹಣೆ ಉಜ್ಜಿಕೊಳ್ಳುತ್ತಾ, ಅಳತೆಯನ್ನು ಇನ್ನೂ ಸ್ವಲ್ಪ ಯೋಚಿಸಿ ಹಾಕಬೇಕಿತ್ತೇನೋ ಎಂದುಕೊಂಡಳು. ಅತ್ತೆ ಒಗೆಯುವ ಜಾಗದಿಂದ ಸ್ಟೂಲನ್ನು ಕರಕರ ಎಳೆದುಕೊಂಡು ಬಂದು, ಶೆಲ್ಫಿನ ಕೆಳಗೆ ಹಾಕಿ, ಅದರ ಮೇಲೆ ಕೂತು, ಟೀಗೆ ಸಕ್ಕರೆ ಹಾಕಿ ಕಲಕತೊಡಗಿದರು.

"ಬಗ್ಗಿ ನಡೀರಿ ಇಬ್ರೂ" ಎಂದರು. "ರೂಢಿ ಆಗುತ್ತೆ."